ಐದು ಹಣಿ

ಬೆಟಗೇರಿ ವಾಚನಾಲಯದ ಗೋಡಿ ಮ್ಯಾಲಿನ ಐದು ಮಂದಿಗೆ
ಹಣಿ ಇಲ್ಲ.
ಮೂಗು ಐತಿ, ಮೀಸಿ ಐತಿ, ಕನ್ನಡಕದ ಕಡ್ಡಿ ಸೈತ ಐತಿ,
ಹುಬ್ಬಿನ ಮ್ಯಾಲೆ ಮಾತ್ರ ಬಣ್ಣ ಎದ್ದು
ಕ್ಯಾನ್ವಾಸಿನ ನೂಲು ಕಾಣತೈತಿ.
ಬರದಾಂವ ನಮ್ಮಪ್ಪ, ಫಕೀರಪ್ಪ ಚಿತ್ರಗಾರ,
ಗಣರಾಜ್ಯ ಆದ ವರ್ಷ, ನೂರಾ ಹತ್ತು ರೂಪಾಯಿಗೆ.
ಅದರಾಗ ಇಪ್ಪತ್ತು ಇನ್ನೂ ಬರೂದೈತಿ.

ತಿದ್ದಾಕ ನನ್ನ ಕರಸ್ಯಾರ.
ನಾ ನಿಚ್ಚಣಿಕಿ ಮ್ಯಾಲೆ, ಕೆಳಗ ಕಮಿಟಿ,
ನಡುವ ಚಾದ ವಾಸನಿ.
"ಹಣಿಗೆ ಏನ್ ಹಚ್ಚತೀದಿ, ರೇಣವ್ವಾ?"

"ಟೊಪಿಗಿಯವರಿಗೆ ಗಂಧ," ಅಂದ್ರು ಹೊನ್ನಳ್ಳಿ ಮಾಸ್ತರು,
"ದಿನಾ ಪ್ರಾರ್ಥನಾ ಮಾಡತಿದ್ದರು."
"ಮಾಡತಿದ್ದರು, ಆದರ ಯಾರದು?" ಹುಸೇನಸಾಬ ಕೇಳಿದ,
"ಎಲ್ಲಾರದೂ ಮಾಡತಿದ್ದರು. ಎಲ್ಲಾರದೂ ಹಚ್ಚಿದರ
ಹಣಿ ಸಾಲತೈತೇನು?"
"ಕೋಟಿನವರಿಗೆ ಏನೂ ಬ್ಯಾಡ, ಅವರು ನಂಬತಿದ್ದಿಲ್ಲ."
"ನಂಬತಿದ್ದಿಲ್ಲ ಅಂತ ನಿನಗ ಹೇಳಿದ್ರೇನು?"
"ಸೀರಿ ಉಟ್ಟಾಕಿಗರ ಕುಂಕುಮ ಇರಲಿ," ತುಳಜಾನಾಥಸಾ ಬಾಕಳೆ,
ಅದು ಧರ್ಮಲ್ಲ, ಮುತ್ತೈದಿತನ ಅಂತ ಅವನ ಲೆಕ್ಕ.
ಆಕಿ ಗಂಡ ಯಾವಾಗ ತೀರಿದ ಅನ್ನೂದರ ಮ್ಯಾಲೆ
ಅರ್ಧ ತಾಸು ಹೋತು.
ನನ್ನ ಕಾಲು ಜೋಮು ಹಿಡದುವು.

ಮಾಸ್ತರು ಕಪಾಟು ತಗದು ದಪ್ಪನ್ನ ಪುಸ್ತಕ ತಂದ್ರು,
ಧೂಳು ಝಾಡಿಸಿದ್ರು.
ದೇವರ ಹೆಸರಿನಾಗ ಅಂತ ಸುರು ಮಾಡೂದೋ ಬ್ಯಾಡೋ,
ಆ ದೊಡ್ಡ ಸಭಾದಾಗ ಕೈ ಎತ್ತಿಸಿ ಎಣಿಸಿದ್ರಂತ:
ಹೌದು ಅಂದವರು ನಲವತ್ತೊಂದು,
ಅಲ್ಲ ಅಂದವರು ಅರವತ್ತೆಂಟು.
"ಅಂದರ ದೇವರು ಸೋತಾ," ಬಾಕಳೆ ಮುಖ ಸಣ್ಣ ಮಾಡಿದ.
"ಸೋತದ್ದು ದೇವರ ಹೆಸರು," ಅಂದ ಜಯವಂತ,
ಮಿಶನ್ ದವಾಖಾನಿ ಕಂಪೌಂಡರ, ಮಾತು ಕಮ್ಮಿ ಅವಂದು.
"ಅಲ್ಲ ಅಂದ ಅರವತ್ತೆಂಟರಾಗ
ಎಷ್ಟು ಮಂದಿ ಮನಿಗೆ ಹೋಗಿ ದೀಪ ಹಚ್ಚಿದ್ರೋ,
ಅದನ್ನ ಯಾರು ಬರಕೊಂಡಾರ?"

ಅಷ್ಟರಾಗ ನಾ ಹತ್ತಿ ಉಂಡಿ ಟರ್ಪಂಟೈನಿನ್ಯಾಗ ಅದ್ದಿ
ಟೊಪಿಗಿಯವರ ಹಣಿ ಒರಸಿದೆ.
ಹತ್ತಿ ಕೆಂಪಾತು.
ಇನ್ನೊಂದು ತಗೊಂಡೆ. ಬೂದಿ ಬಂತು.
ಅದರ ಕೆಳಗ ಒಣಗಿದ ಗಂಧ, ಅದರ ಕೆಳಗ ಮತ್ತ ಕೆಂಪು,
ಮತ್ತ ಬೂದಿ, ಯಾವದೋ ಉರುಸಿನ ಅತ್ತರಿನ ಜಿಡ್ಡು,
ಪದರಿನ ಮ್ಯಾಲೆ ಪದರು,
ಕೋಟಿನವರಿಗೂ ಅಷ್ಟ, ಸೀರಿಯಾಕಿಗೂ ಅಷ್ಟ.
ಅಪ್ಪನ ಬಣ್ಣ ಬಿಸಲಿಗೆ ಹೋಗಿದ್ದಿಲ್ಲ,
ಗೆದ್ದಲಿಗೂ ಅಲ್ಲ.
ವರ್ಷಕ್ಕ ಎರಡ ಸಲ ಝೆಂಡಾ ಏರಿಸಿ ಒಳಗ ಬಂದು
ಹೆಬ್ಬಟ್ಟಿಲೆ ತಿಕ್ಕಿ ತಿಕ್ಕಿ
ನಾವ ತಿಂದಿದ್ವಿ.

ಐದೂ ಉಂಡಿ ಕೆಳಗ ಒಗದೆ. ಯಾರೂ ಎತ್ತಲಿಲ್ಲ.
ಮಾಸ್ತರು ತಮ್ಮ ಬಲಗೈ ಹೆಬ್ಬಟ್ಟು ನೋಡಕೊಂಡ್ರು,
ಮೂವತ್ತೊಂದು ವರ್ಷ ಅಧ್ಯಕ್ಷ ಇದ್ದ ಹೆಬ್ಬಟ್ಟು.

ತಳದಾಗ ಅಪ್ಪ ಏನು ಬರದಿದ್ದ?
ನಾನೂ ಆಶಾದಿಂದ ನೋಡಿದೆ, ಸುಳ್ಳ್ಯಾಕ ಹೇಳಲಿ.
ಪೆನ್ಸಿಲ್ಲಿನ ಎರಡು ಗೆರಿ ಇದ್ದುವು, ಹುಬ್ಬಿನ ನಡುವ,
ವಿಚಾರ ಮಾಡುವಾಗ ಬೀಳತಾವಲ್ಲ, ಅಂಥವು.
ಅಥವಾ ನಾಮ ಎಳ್ಯಾಕ ಗುರ್ತು ಹಾಕಿ ಬಿಟ್ಟಿದ್ದನೋ.
ಅವನ್ನ ಕೇಳಾಕ ಈಗ ಎಲ್ಲಿಗೆ ಹೋಗ್ಲಿ?
ಮೈಬಣ್ಣ ಕಲಸಿದೆ. ಗೆರಿ ಇದ್ದಲ್ಲಿ ಗೆರಿ ಎಳದೆ.

ಬಿಲ್ಲಿನ್ಯಾಗ "ಹಣಿ ಐದು" ಅಂತ ಬರದರ
ಖಜಾಂಚಿ ಕೇಳಿದ, "ಯಾವ ಬಣ್ಣ?"
ಹಣಿ ಬಣ್ಣ, ಅಂದೆ.

ಇಪ್ಪತ್ತಾರನೇ ತಾರೀಖು ಮುಂಜಾನೆ
ಹಾರ ಬಂತು, ಊದಿನಕಡ್ಡಿ ಬಂತು,
ತಾಟು ಹಿಡಕೊಂಡು ಬಾಕಳೆ ಸ್ಟೂಲು ಹತ್ತಿದ,
ಹೆಬ್ಬಟ್ಟು ಕುಂಕುಮದಾಗ ಅದ್ದಿದ.
"ಮುಟ್ಟಬ್ಯಾಡ್ರಿ," ಅಂದೆ, "ಇನ್ನೂ ಹಸಿ ಐತಿ."
ಒಣಗಿ ಒಂಬತ್ತು ದಿನ ಆಗಿತ್ತು.
ಕೈ ಅಲ್ಲೇ ನಿಂತು, ಗಾಳ್ಯಾಗ,
ಟೊಪಿಗಿಯವರಿಂದ ಒಂದು ಗೇಣು ದೂರ.
ಅತ್ತಾಗಿತ್ತಾಗ ನೋಡಿದ, ಒರಸಾಕ ಏನೂ ಸಿಗಲಿಲ್ಲ.
ತನ್ನ ಹಣಿಗೇ ಹಚಗೊಂಡು ಇಳದ.